ಹಾಜಿಯ ಬ್ಯಾಂಕು, ಹಜ್ಜಿನ ಹುಂಡಿ

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಒಂದು ಬ್ಯಾಂಕು ಬಾಗಿಲು ತೆರೆಯಿತು. ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್, ಬಂಡವಾಳ ಐದು ಸಾವಿರ ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಕೂಡಿಸಿದಾಗ ಬಂದಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಬ್ಯಾಂಕಿನ ಹಿಂದಿದ್ದವರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರ್. ಉಡುಪಿಯಲ್ಲಿ ಆಸ್ಪತ್ರೆಗೆಂದು ಜಾಗ ಬಿಟ್ಟುಕೊಟ್ಟವರೂ ಅವರೇ. ಜಾತಿ ಮತದ ಭೇದವಿಲ್ಲದೆ ಎಲ್ಲರಲ್ಲೂ ಉಳಿತಾಯದ ಅಭ್ಯಾಸ ಬೆಳೆಸಬೇಕು, ಒಬ್ಬರಿಗೊಬ್ಬರು ಸಹಕರಿಸುವುದನ್ನು ಕಲಿಸಬೇಕು ಎಂಬುದು ಆ ಬ್ಯಾಂಕಿಗಾಗಿ ಹೊರಟ ಮನವಿಯ ಸಾರ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಕರಗಿತು.

ಹಾಜಿಯೊಬ್ಬರು ಕಟ್ಟಿದ ಆ ಬ್ಯಾಂಕು ಎಲ್ಲ ಬ್ಯಾಂಕುಗಳಂತೆ ಬಡ್ಡಿಯ ಮೇಲೆಯೇ ನಡೆಯಿತು. ಇಸ್ಲಾಮಿನಲ್ಲಿ ಬಡ್ಡಿ ನಿಷಿದ್ಧ ಎಂಬುದು ಅಂದಿಗೂ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಬಡ್ಡಿಯಿಲ್ಲದೆ ಬ್ಯಾಂಕು ನಡೆಸುವುದು ಹೇಗೆ ಎಂಬುದಕ್ಕೆ ಆಗ ಜಗತ್ತಿನಲ್ಲಿ ಮಾದರಿ ಇರಲಿಲ್ಲ. ಮಾದರಿ ಸಿಗಲು ಇನ್ನೂ 57 ವರ್ಷ ಬೇಕಾಯಿತು. ಸಿಕ್ಕಿದ್ದು ಮಕ್ಕಾದಲ್ಲೂ ಅಲ್ಲ, ಮುಂಬಯಿಯಲ್ಲೂ ಅಲ್ಲ. ಈಜಿಪ್ತಿನ ನೈಲ್ ಮುಖಜಭೂಮಿಯ ಒಂದು ಸಣ್ಣ ಪೇಟೆಯಲ್ಲಿ.

ಈ ಉಪನ್ಯಾಸದ ವಿಷಯ ಯುವಜನರ ಉಳಿತಾಯ ಮತ್ತು ಇಸ್ಲಾಮಿಕ್ ಬ್ಯಾಂಕಿಂಗ್. ಎರಡನ್ನೂ ಬೇರೆ ಬೇರೆಯಾಗಿ ಮಾತಾಡುವವರೇ ಹೆಚ್ಚು. ಮೊದಲನೆಯದನ್ನು ಹಿರಿಯರು ಬುದ್ಧಿವಾದವಾಗಿ ಹೇಳುತ್ತಾರೆ, ಎರಡನೆಯದನ್ನು ಪಂಡಿತರು ಧರ್ಮಶಾಸ್ತ್ರವಾಗಿ ಹೇಳುತ್ತಾರೆ. ಆದರೆ ಹುಟ್ಟುವಾಗ ಎರಡೂ ಒಟ್ಟಿಗೇ ಹುಟ್ಟಿದವು. ಬಡ್ಡಿರಹಿತ ಬ್ಯಾಂಕಿನ ಮೊದಲ ಗ್ರಾಹಕ ಷೇಖನಾಗಿರಲಿಲ್ಲ. ಐದು ಪಿಯಾಸ್ಟರ್ ನಾಣ್ಯ ಹಿಡಿದು ಬಂದ ರೈತ, ಕುಶಲಕರ್ಮಿ, ಶಾಲೆಯ ಹುಡುಗ.

ಆ ಪೇಟೆಯ ಹೆಸರು ಮಿತ್ ಘಮ್ರ್. ಸುತ್ತಲೂ ಹತ್ತಿಯ ಹೊಲ. 1963ರ ಜುಲೈಯಲ್ಲಿ ಅಲ್ಲಿ ಉಳಿತಾಯ ಬ್ಯಾಂಕು ತೆರೆದವರು ಅಹ್ಮದ್ ಎಲ್ ನಗ್ಗಾರ್ ಎಂಬ ಯುವ ಅರ್ಥಶಾಸ್ತ್ರಜ್ಞ. ಓದಿದ್ದು ಜರ್ಮನಿಯಲ್ಲಿ. ಅಲ್ಲಿ ಊರೂರಿಗೂ 'ಷ್ಪಾರ್ಕಾಸ್ಸೆ' ಎಂಬ ಸ್ಥಳೀಯ ಉಳಿತಾಯ ಬ್ಯಾಂಕುಗಳಿವೆ. ಪ್ರತಿ ವರ್ಷ ಅಕ್ಟೋಬರ್ ಕೊನೆಯಲ್ಲಿ ಬರುವ ವಿಶ್ವ ಉಳಿತಾಯ ದಿನಕ್ಕೆ ಮಕ್ಕಳು ತಮ್ಮ ಗೋಲಕ ಹೊತ್ತು ಅಲ್ಲಿಗೆ ಹೋಗುತ್ತಾರೆ, ಬ್ಯಾಂಕಿನವರು ನಾಣ್ಯ ಎಣಿಸಿ ಖಾತೆಗೆ ಹಾಕಿ ಕೈಗೊಂದು ಸಣ್ಣ ಉಡುಗೊರೆ ಕೊಡುತ್ತಾರೆ. (1924ರಲ್ಲಿ ಮಿಲಾನ್ ನಗರದ ಸಮಾವೇಶದಲ್ಲಿ ಹುಟ್ಟಿದ ಈ ದಿನವನ್ನು ಭಾರತ ಅಕ್ಟೋಬರ್ 30ಕ್ಕೆ ಆಚರಿಸುತ್ತದೆ, ನಮ್ಮಲ್ಲಿ ಎಷ್ಟು ಶಾಲೆಗಳಿಗೆ ಅದು ನೆನಪಿದೆಯೋ ಹೇಳುವುದು ಕಷ್ಟ.) ಯುದ್ಧದಲ್ಲಿ ಬೂದಿಯಾದ ದೇಶ ಎದ್ದು ನಿಂತದ್ದರಲ್ಲಿ ಈ ಚಿಲ್ಲರೆ ಕಾಸಿನ ಪಾಲೂ ಇದೆ ಎಂದು ಎಲ್ ನಗ್ಗಾರ್‌ಗೆ ಅನಿಸಿತು. ಈಜಿಪ್ತಿನ ರೈತನಿಗೂ ಇದನ್ನು ಕಲಿಸಬಹುದೇ?

ಕಲಿಸುವುದಕ್ಕೆ ಅಡ್ಡಿ ಎರಡಿದ್ದವು. ಒಂದು, ರೈತನಿಗೆ ಬ್ಯಾಂಕಿನ ಮೆಟ್ಟಿಲೆಂದರೆ ಭಯ. ಇನ್ನೊಂದು, ಬಡ್ಡಿ ಎಂದರೆ ಪಾಪದ ಭಯ. ಎಲ್ ನಗ್ಗಾರ್ ಎರಡಕ್ಕೂ ಒಂದೇ ಮದ್ದು ಹುಡುಕಿದರು. ಉಳಿತಾಯ ಖಾತೆಗೆ ಐದು ಪಿಯಾಸ್ಟರ್ ಸಾಕು, ಅಂದರೆ ಒಂದು ಈಜಿಪ್ಷಿಯನ್ ಪೌಂಡಿನ ಇಪ್ಪತ್ತನೆಯ ಒಂದು ಭಾಗ. ಬಡ್ಡಿ ಇಲ್ಲ. ಬೇಕೆಂದಾಗ ವಾಪಸು. ಆದರೆ ಕ್ರಮವಾಗಿ ಕಟ್ಟುತ್ತ ಬಂದವನಿಗೆ ಸಣ್ಣ ಸಾಲ ಕೇಳುವ ಹಕ್ಕು ಬರುತ್ತದೆ, ಆ ಸಾಲಕ್ಕೂ ಬಡ್ಡಿ ಇಲ್ಲ. ಹೆಚ್ಚು ದುಡ್ಡು ಹೆಚ್ಚು ಕಾಲ ಇಡುವವನಿಗೆ ಬೇರೆ ಖಾತೆ. ಅದನ್ನು ಬ್ಯಾಂಕು ವ್ಯಾಪಾರ, ಕೈಗಾರಿಕೆಗಳಲ್ಲಿ ತೊಡಗಿಸಿ ಬಂದ ಲಾಭದಲ್ಲಿ ಪಾಲು ಕೊಡುತ್ತದೆ. ಇವೆರಡರ ಜೊತೆಗೆ ಝಕಾತ್, ಅಂದರೆ ಧರ್ಮದಾನದ ನಿಧಿ, ಕಷ್ಟಕ್ಕೆ ಬಿದ್ದವರಿಗೆ. ಸಿಬ್ಬಂದಿ ಮೇಜಿನ ಹಿಂದೆ ಕೂತು ಕಾಯಲಿಲ್ಲ. ಮಸೀದಿಯ ಅಂಗಳ, ಕಾಫಿ ಅಂಗಡಿಯ ಕಟ್ಟೆಗಳಲ್ಲಿ ಜನರ ಜೊತೆ ಕೂತು ವಿವರಿಸಿದರು.

ಮೊದಲ ವರ್ಷದ ಕೊನೆಗೆ ಠೇವಣಿದಾರರು 17,560. ಒಟ್ಟು ಠೇವಣಿ 40,944 ಪೌಂಡ್, ತಲೆಗೆ ಎರಡೂ ಕಾಲು ಪೌಂಡಿನ ಆಸುಪಾಸು. 1966-67ರ ಹೊತ್ತಿಗೆ ಠೇವಣಿದಾರರು 2,51,152, ಠೇವಣಿ 18 ಲಕ್ಷ ಪೌಂಡ್ ದಾಟಿತ್ತು. ಈಗ ತಲೆಗೆ ಏಳು ಪೌಂಡ್. ಜನ ಹೆಚ್ಚಾದದ್ದು ಒಂದು ಸುದ್ದಿ. ಸೇರಿದವರ ಸರಾಸರಿ ಉಳಿತಾಯವೂ ಮೂರು ಪಟ್ಟಾಯಿತು ಎಂಬುದು ಅದಕ್ಕಿಂತ ದೊಡ್ಡ ಸುದ್ದಿ. ಅಭ್ಯಾಸ ಬೇರೂರಿತ್ತು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇಷ್ಟಾಗಿ ಆ ಬ್ಯಾಂಕು ತನ್ನನ್ನು 'ಇಸ್ಲಾಮಿಕ್' ಎಂದು ಕರೆದುಕೊಳ್ಳಲಿಲ್ಲ. ಅದು ಅಧ್ಯಕ್ಷ ನಾಸರ್ ಆಡಳಿತದ ಕಾಲ. ಧರ್ಮದ ಹೆಸರಿನ ಯಾವ ಸಂಘಟನೆಯ ಮೇಲೂ ಸರ್ಕಾರಕ್ಕೆ ಗುಮಾನಿ. ಬೋರ್ಡಿನ ಮೇಲೆ ಧರ್ಮವಿರಲಿಲ್ಲ, ಲೆಕ್ಕದ ಪುಸ್ತಕದಲ್ಲಿತ್ತು. ಆದರೂ 1967ರಲ್ಲಿ ಸರ್ಕಾರ ಅದನ್ನು ದೊಡ್ಡ ಬ್ಯಾಂಕುಗಳ ಕೈಗೆ ಒಪ್ಪಿಸಿತು, ಬಡ್ಡಿ ಮರಳಿ ಬಂತು, ಪ್ರಯೋಗ ಮುಗಿಯಿತು. ನಾಲ್ಕೇ ವರ್ಷ. ಜಿದ್ದಾದ ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕ್, ದುಬೈ ಇಸ್ಲಾಮಿಕ್ ಬ್ಯಾಂಕ್ ಶುರುವಾದದ್ದು 1975ರಲ್ಲಿ, ಎಣ್ಣೆಯ ಬೆಲೆ ಏರಿ ಕೊಲ್ಲಿಯಲ್ಲಿ ಹಣ ಹರಿದ ಮೇಲೆ. ಅವು ಬೆಳೆದ ದಾರಿಯಲ್ಲಿ ಐದು ಪಿಯಾಸ್ಟರಿನ ಹುಡುಗನಿಗೆ ಹೆಚ್ಚು ಜಾಗವಿರಲಿಲ್ಲ.

ಕರಾವಳಿಯವರಿಗೆ ಮಿತ್ ಘಮ್ರ್ ಕಥೆ ಎಲ್ಲೋ ಕೇಳಿದಂತೆ ಅನಿಸಿದರೆ ಆಶ್ಚರ್ಯವಿಲ್ಲ. 1928ರಲ್ಲೇ ಟಿ.ಎಂ.ಎ. ಪೈಗಳ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ಶುರು ಮಾಡಿತ್ತು. ದಿನಕ್ಕೆ ಎರಡಾಣೆ. ಬ್ಯಾಂಕಿನ ಏಜೆಂಟನೇ ಮನೆ ಬಾಗಿಲಿಗೆ ಬಂದು ದುಡ್ಡು ತೆಗೆದುಕೊಂಡು ಹೋಗುತ್ತಿದ್ದ. ಮೀನು ಮಾರುವವರು, ನೇಕಾರರು, ಗೂಡಂಗಡಿಯವರು 'ಪಿಗ್ಮಿ ಕಟ್ಟಿ' ಮಗಳ ಮದುವೆ ಮಾಡಿದ್ದು, ಮಗನ ಫೀಸು ಕಟ್ಟಿದ್ದು ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಚರಿತ್ರೆ. ಒಂದರಲ್ಲಿ ಬಡ್ಡಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಆದರೆ ಎರಡೂ ಗೆದ್ದದ್ದು ಒಂದೇ ಕಾರಣಕ್ಕೆ: ಸಣ್ಣ ಕಾಸನ್ನು ಸಣ್ಣದೆಂದು ನೋಡದೆ, ಅದಿದ್ದಲ್ಲಿಗೇ ಹೋಗಿ ತಂದರು.

ಈಗ ಮಲೇಷ್ಯಾ. ಮಿತ್ ಘಮ್ರ್ ಬಾಗಿಲು ತೆರೆದ ಎರಡೇ ತಿಂಗಳಿಗೆ, 1963ರ ಸೆಪ್ಟೆಂಬರ್ 30ರಂದು, ಕ್ವಾಲಾಲಂಪುರದಲ್ಲಿ ಇನ್ನೊಂದು ಹುಂಡಿ ತೆರೆಯಿತು. ಇವರಿಗೆ ಅವರ ಗೊಡವೆ ಇರಲಿಲ್ಲ. ಹಿಂದಿದ್ದ ಪ್ರಶ್ನೆಯೇ ಬೇರೆ.

ಮಲಯ ಹಳ್ಳಿಗಳ ರೈತ ಜೀವಮಾನವಿಡೀ ಹಜ್ ಯಾತ್ರೆಗೆ ದುಡ್ಡು ಕೂಡಿಡುತ್ತಿದ್ದ. ಬ್ಯಾಂಕಿಗೆ ಹಾಕಿದರೆ ಬಡ್ಡಿ ಸೋಂಕಿ ಯಾತ್ರೆಯ ದುಡ್ಡು ಮೈಲಿಗೆಯಾದೀತೆಂಬ ಹೆದರಿಕೆ. ಹಾಗಾಗಿ ಹಾಸಿಗೆಯಡಿ, ದಿಂಬಿನೊಳಗೆ, ನೆಲದಡಿ. ನಮ್ಮ ಅಮ್ಮಂದಿರ ಸಾಸಿವೆ ಡಬ್ಬಿಯ ದೊಡ್ಡಣ್ಣ. ದುಡ್ಡು ಸಾಲದಾದಾಗ ಗದ್ದೆ, ಎಮ್ಮೆ ಮಾರಿ ಹೊರಡುವುದು. ಹಾಜಿಯಾಗಿ ಮರಳುವುದು, ಬಡವನಾಗಿ ಬದುಕುವುದು. 1959ರಲ್ಲಿ ಉಂಗ್ಕು ಅಬ್ದುಲ್ ಅಜೀಜ್ ಎಂಬ ಅರ್ಥಶಾಸ್ತ್ರಜ್ಞ ಇದನ್ನು ಕುರಿತು ಸರ್ಕಾರಕ್ಕೆ ಒಂದು ಟಿಪ್ಪಣಿ ಬರೆದರು. ಅವರು ಹಜ್ ಬಿಡಿ ಎನ್ನಲಿಲ್ಲ. ಹಜ್ಜಿಗೆಂದೇ ಕೂಡಿಡಲು ಬಡ್ಡಿಯಿಲ್ಲದ ಒಂದು ಸಂಸ್ಥೆ ಮಾಡಿ, ಆ ದುಡ್ಡನ್ನು ಉದ್ಯಮದಲ್ಲಿ ತೊಡಗಿಸಿ ಬಂದ ಲಾಭ ಹಂಚಿ ಎಂದರು.

ಹಾಗೆ ತೆರೆದ ಆ ಹುಂಡಿಗೆ ಮೊದಲು ಬಂದವರು 1,281 ಮಂದಿ, ಕೂಡಿದ್ದು 46,600 ರಿಂಗಿಟ್. ತಲೆಗೆ 36. 1969ರಲ್ಲಿ ಹಜ್ ವ್ಯವಹಾರಗಳ ಕಚೇರಿಯೂ ಇದರೊಳಗೆ ಸೇರಿತು. ಹಾಗಾಗಿ ದುಡ್ಡು ಕೂಡಿಸುವವರೂ ಅವರೇ, ಯಾತ್ರೆಗೆ ಕರೆದುಕೊಂಡು ಹೋಗುವವರೂ ಅವರೇ. ಇಂದು ಆ ಸಂಸ್ಥೆಯ ಹೆಸರು ತಾಬುಂಗ್ ಹಾಜಿ. ಮಲಯ ಭಾಷೆಯಲ್ಲಿ 'ತಾಬುಂಗ್' ಎಂದರೆ ಬಿದಿರಿನ ಕೊಳವೆ, ದುಡ್ಡು ಹಾಕುವ ಗೋಲಕ. 90 ಲಕ್ಷಕ್ಕೂ ಹೆಚ್ಚು ಖಾತೆದಾರರು ಅದರಲ್ಲಿದ್ದಾರೆ. ದೇಶದ ಜನಸಂಖ್ಯೆಯೇ ಮೂರೂವರೆ ಕೋಟಿ ಮುಟ್ಟಿಲ್ಲ ಎಂಬುದನ್ನು ನೆನೆದರೆ ಅದರ ಹರವು ತಿಳಿಯುತ್ತದೆ.

ಯುವಜನರ ಪ್ರಶ್ನೆಗೆ ಇಲ್ಲೊಂದು ಸೊಗಸಾದ ಉತ್ತರವಿದೆ. ಸೌದಿ ಅರೇಬಿಯ ಪ್ರತಿ ದೇಶಕ್ಕೂ ಯಾತ್ರಿಕರ ಕೋಟಾ ಹಾಕುತ್ತದೆ. ಮಲೇಷ್ಯಾಕ್ಕೆ ವರ್ಷಕ್ಕೆ 31,600ರಷ್ಟು. ಕಾಯುವವರ ಸಾಲು ದಶಕಗಳಷ್ಟು ಉದ್ದ. ಖಾತೆಯಲ್ಲಿ 1,300 ರಿಂಗಿಟ್ ಆದರೆ ಆ ಸಾಲಿನಲ್ಲಿ ಹೆಸರು ಬರೆಸಬಹುದು. ಹಾಗಾಗಿ ಮಗು ಹುಟ್ಟುತ್ತಲೇ ತಂದೆತಾಯಿ ಖಾತೆ ತೆರೆಯುತ್ತಾರೆ, ಹಬ್ಬದ ದುಡ್ಡು ಅದಕ್ಕೆ ಬೀಳುತ್ತದೆ. ಕೆಲಸಕ್ಕೆ ಸೇರಿದ ಹುಡುಗಿ ಸಂಬಳದಿಂದಲೇ ತಿಂಗಳಿಗಿಷ್ಟು ಕಡಿತ ಮಾಡಿಸುತ್ತಾಳೆ. ಮೂವತ್ತು ವರ್ಷದ ಆಚೆಗಿನ ಗುರಿಗೆ ಇಪ್ಪತ್ತರ ಹರೆಯದವರು ಉಳಿಸುವುದು ಜಗತ್ತಿನ ಯಾವ ವಿಮಾ ಏಜೆಂಟನಿಗೂ ಸುಲಭಕ್ಕೆ ಮಾಡಿಸಲಾಗದ ಕೆಲಸ. 'ನಿವೃತ್ತಿ' ಎಂಬ ಪದ ಇಪ್ಪತ್ತೆರಡರ ಹುಡುಗನ ಕಿವಿಗೆ ಬೀಳುವುದೇ ಇಲ್ಲ. 'ಅಮ್ಮನನ್ನು ಮಕ್ಕಾಕ್ಕೆ ಕರೆದೊಯ್ಯುವುದು' ಬೀಳುತ್ತದೆ.

ಇಲ್ಲಿ ಲಾಭ ಹಂಚುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಸ್ಲಾಮಿಕ್ ಬ್ಯಾಂಕಿಂಗಿನ ತಿರುಳು ಇರುವುದೇ ಅದರಲ್ಲಿ. ಬಡ್ಡಿಯ ಠೇವಣಿಯಲ್ಲಿ ದರ ಮೊದಲೇ ಗೊತ್ತು. ಬ್ಯಾಂಕಿಗೆ ಲಾಭವೋ ನಷ್ಟವೋ ಠೇವಣಿದಾರನಿಗೆ ಸಂಬಂಧವಿಲ್ಲ. 'ಮುದಾರಬಾ'ದಲ್ಲಿ ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ. ಲಾಭದ ಪಾಲು ಎಷ್ಟೆಂದು ಮೊದಲೇ ಮಾತು, ಲಾಭ ಎಷ್ಟೆಂದು ಅಲ್ಲ. ನಷ್ಟವಾದರೆ ದುಡ್ಡು ಹಾಕಿದವನ ದುಡ್ಡು ಹೋಯಿತು, ದುಡಿದವನ ದುಡಿಮೆ ಹೋಯಿತು. ನಮ್ಮ ಹಳ್ಳಿಯ ಪಾಲು ಬೇಸಾಯ ನೋಡಿದವರಿಗೆ ಇದು ಹೊಸದಲ್ಲ. ಇನ್ನು 'ಮುರಾಬಹಾ': ಗ್ರಾಹಕನಿಗೆ ಬೈಕು ಬೇಕು, ಬ್ಯಾಂಕು ತಾನೇ ಕೊಂಡು, ಲಾಭ ಇಷ್ಟೆಂದು ಹೇಳಿ, ಕಂತಿನ ಮೇಲೆ ಮಾರುತ್ತದೆ. ಇದು ಬಡ್ಡಿಗೇ ತೊಡಿಸಿದ ಇನ್ನೊಂದು ಅಂಗಿ ಎಂದು ಟೀಕಿಸುವವರು ಮುಸ್ಲಿಂ ಅರ್ಥಶಾಸ್ತ್ರಜ್ಞರಲ್ಲೇ ಇದ್ದಾರೆ. ಆ ಟೀಕೆಯಲ್ಲಿ ಹುರುಳಿದೆ. ಮಾದರಿಯ ಹೆಮ್ಮೆ ಪಾಲುದಾರಿಕೆ. ಆದರೆ ಇಸ್ಲಾಮಿಕ್ ಬ್ಯಾಂಕುಗಳ ದಿನನಿತ್ಯದ ವ್ಯವಹಾರ ಬಹುಪಾಲು ನಡೆಯುವುದು ಈ ಕಂತಿನ ಮಾರಾಟದಲ್ಲೇ.

ತಾಬುಂಗ್ ಹಾಜಿ ವರ್ಷದ ಕೊನೆಗೆ ಕೊಡುವುದು 'ಹಿಬಾ', ಅಂದರೆ ಉಡುಗೊರೆ. ಎಷ್ಟು ಎಂಬ ಮಾತು ಮೊದಲೇ ಕೊಡುವಂತಿಲ್ಲ. 2017ಕ್ಕೆ ಅದು ಕೊಟ್ಟದ್ದು ಶೇ. 4.5, ಇನ್ನೂ ಹಜ್ ಮಾಡದವರಿಗೆ ಮೇಲೆ ಶೇ. 1.75. ಖಾತೆದಾರರು ಖುಷಿಪಟ್ಟರು. ಮರುವರ್ಷ ಸರ್ಕಾರ ಬದಲಾಗಿ ಲೆಕ್ಕ ತಪಾಸಣೆಯಾದಾಗ ಗುಟ್ಟು ಹೊರಬಿತ್ತು. 2017ರ ಕೊನೆಗೆ ಸಂಸ್ಥೆಯ ಆಸ್ತಿ 7,030 ಕೋಟಿ ರಿಂಗಿಟ್, ಕೊಡಬೇಕಾದದ್ದು 7,440 ಕೋಟಿ. ಆಸ್ತಿ ಕಡಿಮೆಯಿರುವಾಗ ಹಿಬಾ ಹಂಚುವಂತಿಲ್ಲ ಎಂದು ಅದರ ಕಾಯ್ದೆಯೇ ಹೇಳುತ್ತದೆ, ಆದರೂ ಹಂಚಿದ್ದರು. ಸರ್ಕಾರ ಹೊಸ ಕಂಪನಿಯೊಂದನ್ನು ಮಾಡಿ 1,990 ಕೋಟಿ ರಿಂಗಿಟ್ ಲೆಕ್ಕದ ಆಸ್ತಿಯನ್ನು ಅದಕ್ಕೆ ದಾಟಿಸಿ ಸಂಸ್ಥೆಯನ್ನು ಉಳಿಸಿಕೊಂಡಿತು. 2018ರ ಹಿಬಾ ಶೇ. 1.25ಕ್ಕೆ ಕುಸಿಯಿತು.

ಧರ್ಮಗ್ರಂಥದ ಯಾವ ನಿಯಮವನ್ನು ಮುರಿದೂ ಈ ನಷ್ಟವಾಗಲಿಲ್ಲ. ಮುರಿದದ್ದು ಲೆಕ್ಕದ ನಿಯಮವನ್ನು. 'ಲಾಭವಿದ್ದರೆ ಮಾತ್ರ ಪಾಲು' ಎಂಬ ಮೂಲತತ್ವವನ್ನು ಬಡ್ಡಿಯ ಬ್ಯಾಂಕಿನ ದರಕ್ಕೆ ಪೈಪೋಟಿ ಕೊಡುವ ಆಸೆ ತಿಂದುಹಾಕಿತು. ಆದರೆ ಒಂದು ಮಾತು ಹೇಳಲೇಬೇಕು: ತಪಾಸಣೆ ನಡೆಯಿತು, ವರದಿ ಬಹಿರಂಗವಾಯಿತು, ಕಾಯ್ದೆಯಿತ್ತು, ಕೈಹಿಡಿಯುವ ಸರ್ಕಾರವಿತ್ತು. ಖಾತೆದಾರರು ಅಸಲು ಕಳೆದುಕೊಳ್ಳಲಿಲ್ಲ.

ಮಲೇಷ್ಯಾದ ಯುವಜನ ಉಳಿತಾಯದ ಆದರ್ಶಪುರುಷರೆಂದೂ ಭಾವಿಸಬೇಕಾಗಿಲ್ಲ. ಅಲ್ಲಿನ ಭವಿಷ್ಯನಿಧಿ 2017ರಲ್ಲಿ ಷರಿಯಾ ಪ್ರಕಾರದ ಪ್ರತ್ಯೇಕ ಖಾತೆಯ ಆಯ್ಕೆ ಕೊಟ್ಟಿತು. ಮೂರು ವರ್ಷಕ್ಕೆ ಕೋವಿಡ್ ಬಂತು, ನಿಧಿಯಿಂದ ಹಣ ತೆಗೆಯಲು ಸರ್ಕಾರ ನಾಲ್ಕು ಸಲ ಬಾಗಿಲು ತೆರೆಯಿತು, 81 ಲಕ್ಷ ಸದಸ್ಯರು 14,500 ಕೋಟಿ ರಿಂಗಿಟ್ ತೆಗೆದರು. ಹಲಾಲ್ ಖಾತೆಯೂ ಬರಿದಾಗುತ್ತದೆ. ಭಾರತದಲ್ಲೂ 2022-23ರಲ್ಲಿ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ಜಿಡಿಪಿಯ ಶೇ. 5ರ ಆಸುಪಾಸಿಗೆ ಇಳಿದಿತ್ತು, ದಶಕಗಳಲ್ಲೇ ಕಂಡಿರದಷ್ಟು ಕೆಳಗೆ.

ಬ್ಯಾಂಕಿಗಿಂತ ಹಳೆಯದಾದ ಇನ್ನೊಂದು ದಾರಿಯನ್ನು ಬಡವರು ಎಲ್ಲ ಕಡೆಯೂ ತಾವೇ ಕಂಡುಕೊಂಡಿದ್ದಾರೆ: ಚೀಟಿ. ಹರಾಜಿಲ್ಲದ ಚೀಟಿ. ಹತ್ತು ಜನ ತಿಂಗಳಿಗಿಷ್ಟು ಹಾಕಿ, ಸರದಿಯಂತೆ ಒಬ್ಬೊಬ್ಬರು ಇಡೀ ಗಂಟು ಎತ್ತುವುದು. ಬಡ್ಡಿ ಎಲ್ಲೂ ಇಲ್ಲ, ಬ್ಯಾಂಕೂ ಇಲ್ಲ. ಈಜಿಪ್ತಿನಲ್ಲಿ ಇದರ ಹೆಸರು 'ಗಮಿಯ್ಯಾ'. ಮದುವೆಯಾಗುವ ಹುಡುಗರು ಮನೆಸಾಮಾನು ಕೊಳ್ಳುವುದು ಇದರಿಂದಲೇ. ಕೈರೋದ ಮನಿಫೆಲೋಸ್ ಎಂಬ ಸಂಸ್ಥೆ ಈಗ ಇದನ್ನು ಮೊಬೈಲ್ ಆ್ಯಪಿಗೆ ತಂದಿದೆ. ಮಲೇಷ್ಯಾದಲ್ಲಿ ಮಾತ್ರ ವ್ಯವಹಾರವಾಗಿ ಚೀಟಿ ನಡೆಸುವುದು 1971ರ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆ ಚೀಟಿಯನ್ನು ಕರೆಯುವ ಹೆಸರು 'ಕೂಟು', ಕನ್ನಡದ ಕಿವಿಗೆ ನೆಂಟನಂತೆ ಕೇಳುವ ಪದ.

ನಿಯಮವಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಮತ್ತೆ ಈಜಿಪ್ತಿಗೇ ಹೋಗಬೇಕು. ಮಿತ್ ಘಮ್ರ್ ಮುಚ್ಚಿ ಎರಡು ದಶಕಕ್ಕೆ, 1980ರ ದಶಕದಲ್ಲಿ, ಅಲ್ ರಯ್ಯಾನ್ ಮೊದಲಾದ 'ಇಸ್ಲಾಮಿಕ್ ಹೂಡಿಕೆ ಕಂಪನಿ'ಗಳು ಎದ್ದವು. ಕೊಲ್ಲಿಯಲ್ಲಿ ದುಡಿಯುತ್ತಿದ್ದ ಯುವಕರು ಮನೆಗೆ ಕಳಿಸುತ್ತಿದ್ದ ಹಣವೇ ಅವುಗಳ ಮೇವು. ಬ್ಯಾಂಕುಗಳ ದರಕ್ಕಿಂತ ಬಹಳ ಮೇಲಿನ 'ಲಾಭ', ವರ್ಷಕ್ಕೆ ಶೇ. 20 ದಾಟಿದ್ದು. ಪ್ರತಿ ತಿಂಗಳೂ ತಪ್ಪದೆ, ಏರದೆ, ಇಳಿಯದೆ ಬರುವ ಲಾಭ! ವ್ಯಾಪಾರ ಮಾಡಿದವರು ಯಾರಾದರೂ ನಗಬೇಕಾದ ಮಾತು. 1988ರಲ್ಲಿ ಸರ್ಕಾರ ಕಾಯ್ದೆ ತಂದು ಲೆಕ್ಕ ಕೇಳಿತು, ಅರಮನೆ ಉರುಳಿತು.

31 ವರ್ಷದ ಮೇಲೆ ಅದೇ ನಾಟಕ ಬೆಂಗಳೂರಿನ ಶಿವಾಜಿನಗರದಲ್ಲಿ ನಡೆಯಿತು. 2006ರಲ್ಲಿ ಶುರುವಾದ ಐ ಮಾನಿಟರಿ ಅಡ್ವೈಸರಿ, ಜನರ ಬಾಯಲ್ಲಿ ಐಎಂಎ. ಚಿನ್ನಾಭರಣದ ಮಳಿಗೆ ಮೊದಲಾಗಿ ಹಲವು ವ್ಯವಹಾರ. ಹಣ ಹಾಕಿದವರು ಠೇವಣಿದಾರರಲ್ಲ, 'ಪಾಲುದಾರರು' ಎಂದು ಕಾಗದ. ಮದುವೆಗೆ ಕೂಡಿಟ್ಟ ದುಡ್ಡು, ಸೌದಿಯಲ್ಲಿ ಡ್ರೈವರಾಗಿದ್ದ ಮಗ ಕಳಿಸಿದ ದುಡ್ಡು, ಮನೆ ಮಾರಿದ ದುಡ್ಡು ಎಲ್ಲ ಅಲ್ಲಿಗೆ ಹರಿಯಿತು. 2019ರ ಜೂನ್‌ನಲ್ಲಿ ಸ್ಥಾಪಕನ ಧ್ವನಿಮುದ್ರಿಕೆಯೊಂದು ವಾಟ್ಸಾಪಿನಲ್ಲಿ ಹರಿದಾಡಿತು, ಆತ ದುಬೈ ಸೇರಿದ್ದ. ಕಚೇರಿಯ ಮುಂದೆ ಜನಸಾಗರ. ದೂರು ತೆಗೆದುಕೊಳ್ಳಲು ಪೊಲೀಸರು ಹತ್ತಿರದ ಸಭಾಂಗಣವನ್ನೇ ಹಿಡಿಯಬೇಕಾಯಿತು. ಜುಲೈಯಲ್ಲಿ ಆತ ದೆಹಲಿಗೆ ಮರಳಿದಾಗ ಬಂಧನವಾಯಿತು, ತನಿಖೆ ಸಿಬಿಐಗೆ ಹೋಯಿತು, ಸಾವಿರಾರು ಕೋಟಿಯ ಲೆಕ್ಕ ನ್ಯಾಯಾಲಯದ ಮುಂದಿದೆ.

ನಿಜವಾದ ಪಾಲುದಾರ ಲೆಕ್ಕ ಕೇಳುತ್ತಾನೆ. ಮುದಾರಬಾ ಶಾಸ್ತ್ರ ಓದಿದ ಯಾವ ಮೌಲಾನಾ ಕೂಡ ತಿಂಗಳು ತಿಂಗಳು ನಿಶ್ಚಿತವಾಗಿ ಬರುವ ಲಾಭ ಕಂಡು ಹುಬ್ಬೇರಿಸಬೇಕಿತ್ತು. 'ಹಲಾಲ್' ಎಂಬ ಪದ ಲೆಡ್ಜರಿನ ಜಾಗದಲ್ಲಿ ಕೂತಾಗ ಹೀಗಾಗುತ್ತದೆ. ಇದು ಒಂದು ಧರ್ಮದವರ ಮರುಳಷ್ಟೇ ಅಲ್ಲ. ದೇವರ ಹೆಸರು, ಸಹಕಾರದ ಹೆಸರು, ಚಿನ್ನದ ಹೆಸರಿನಲ್ಲಿ ಮುಳುಗಿದ ಸಂಘಗಳ ಪಟ್ಟಿ ರಾಜ್ಯದಲ್ಲಿ ಉದ್ದವಿದೆ.

ಹಾಗಾದರೆ ಬಡ್ಡಿ ಬೇಡ ಎನ್ನುವ ಕರ್ನಾಟಕದ ಯುವಕ, ಯುವತಿಗೆ ದಾರಿ ಯಾವುದು? ರಘುರಾಮ್ ರಾಜನ್ ನೇತೃತ್ವದ ಸಮಿತಿ 2008ರಲ್ಲೇ ಬಡ್ಡಿರಹಿತ ಬ್ಯಾಂಕಿಂಗಿನ ಪರ ಮಾತಾಡಿತ್ತು. ದೀಪಕ್ ಮೊಹಾಂತಿ ಸಮಿತಿ 2015ರಲ್ಲಿ ಸಾಮಾನ್ಯ ಬ್ಯಾಂಕುಗಳಲ್ಲೇ ಬಡ್ಡಿರಹಿತ ಕಿಟಕಿ ತೆರೆಯಲು ಸಲಹೆ ಕೊಟ್ಟಿತು. 2017ರಲ್ಲಿ ಮಾಹಿತಿ ಹಕ್ಕಿನ ಪ್ರಶ್ನೆಯೊಂದಕ್ಕೆ ರಿಸರ್ವ್ ಬ್ಯಾಂಕ್ ಉತ್ತರಿಸಿ, ಎಲ್ಲ ನಾಗರಿಕರಿಗೂ ಸಮಾನ ಬ್ಯಾಂಕಿಂಗ್ ಅವಕಾಶಗಳಿರುವುದರಿಂದ ಇದನ್ನು ಮುಂದುವರಿಸುವುದಿಲ್ಲ ಎಂದಿತು. ಹಾಗೆ ಬಾಗಿಲು ಮುಚ್ಚಿದ್ದು ಸರಿಯಲ್ಲ ಎಂಬುದು ಈ ಉಪನ್ಯಾಸದ ಅಭಿಪ್ರಾಯ. ನಿಯಂತ್ರಣದ ಒಳಗೆ ಜಾಗವಿಲ್ಲದ ಬಯಕೆ ನಿಯಂತ್ರಣದ ಹೊರಗಿನ ಅಂಗಡಿ ಹುಡುಕಿಕೊಂಡು ಹೋಗುತ್ತದೆ, ಶಿವಾಜಿನಗರ ಅದನ್ನೇ ತೋರಿಸಿತು. ಬಡ್ಡಿ ಬೇಡ ಎನ್ನುವವರು ಬಂದ ಬಡ್ಡಿಯನ್ನು ಪುಣ್ಯದ ಆಸೆಯಿಲ್ಲದೆ ಬಡವರಿಗೆ ಕೊಟ್ಟುಬಿಡುವುದು, ಇಲ್ಲವೇ ದುಡ್ಡನ್ನು ಬಡ್ಡಿಯಿಲ್ಲದ ಚಾಲ್ತಿ ಖಾತೆಯಲ್ಲೇ ಇಡುವುದು ಮುಂದುವರಿದಿದೆ.

ಆದರೆ ಕೈಕಟ್ಟಿ ಕೂರಬೇಕಾದ ಸ್ಥಿತಿಯೂ ಇಲ್ಲ. ಮದ್ಯ, ಜೂಜು, ಬಡ್ಡಿ ವ್ಯವಹಾರದ ಕಂಪನಿಗಳನ್ನು ಬಿಟ್ಟು ಹೂಡುವ ಟಾಟಾ ಎಥಿಕಲ್ ಫಂಡಿನಂಥ ಮ್ಯೂಚುವಲ್ ಫಂಡುಗಳಿವೆ. ಷೇರುಪೇಟೆಯಲ್ಲಿ ನಿಫ್ಟಿ 50 ಷರಿಯಾ ಸೂಚ್ಯಂಕವಿದೆ. ಇವುಗಳಲ್ಲಿ ನಷ್ಟದ ಸಾಧ್ಯತೆ ಇದ್ದೇ ಇದೆ, ಆದರೆ ನಿಯಂತ್ರಕ ಸಂಸ್ಥೆ ಸೆಬಿಯ ಕಣ್ಣಿದೆ, ದಿನದಿನದ ಬೆಲೆ ಬಹಿರಂಗ. ತಿಂಗಳಿಗೆ ಕೆಲವು ನೂರು ರೂಪಾಯಿಯಿಂದ ಕಂತು ಶುರು ಮಾಡಬಹುದು, ಹಳೆಯ ಪಿಗ್ಮಿಯ ಹಾಗೆ. ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಖಾತೆ ತಾವೇ ನಡೆಸಲು ರಿಸರ್ವ್ ಬ್ಯಾಂಕ್ 2014ರಲ್ಲೇ ಅನುಮತಿ ಕೊಟ್ಟಿದೆ; ಶಾಲೆಯ ಮುಖ್ಯೋಪಾಧ್ಯಾಯರು ಒಮ್ಮೆ ಹತ್ತಿರದ ಶಾಖೆಯ ಮ್ಯಾನೇಜರರನ್ನು ಕರೆದರೆ ಸಾಕು.

ಸಭೆಯಲ್ಲಿರುವ ಜಮಾಅತ್ ಸಮಿತಿಗಳ ಹಿರಿಯರಲ್ಲಿ, ದೇವಸ್ಥಾನ ಮತ್ತು ಚರ್ಚ್ ಸಮಿತಿಗಳ ಹಿರಿಯರಲ್ಲೂ, ಒಂದು ಕೋರಿಕೆ. ಹೊಸ ಹೂಡಿಕೆ ಕಂಪನಿಯವರು ಬಂದು ಉದ್ಘಾಟನೆಗೆ ಕರೆದರೆ, ವೇದಿಕೆ ಹತ್ತುವ ಮೊದಲು ಅವರ ಮೂರು ವರ್ಷದ ಆಡಿಟ್ ವರದಿ ಕೇಳಿ. ಠೇವಣಿ ಸಂಗ್ರಹಿಸಲು ಅನುಮತಿ ಇದೆಯೇ ಎಂದು ರಿಸರ್ವ್ ಬ್ಯಾಂಕಿನ 'ಸಚೇತ್' ತಾಣದಲ್ಲಿ ನೋಡಿ. ಇಲ್ಲದಿದ್ದರೆ ಅಲ್ಲೇ ದೂರು ಕೊಡಿ. 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯ ಪ್ರಕಾರ ಹಾಗೆ ಹಣ ಎತ್ತುವುದಷ್ಟೇ ಅಲ್ಲ, ಎತ್ತುತ್ತೇವೆಂದು ಜಾಹೀರಾತು ಕೊಡುವುದೂ ಅಪರಾಧ.